ರಸ್ತೆ ಸೈಕಲ್ಲಿನ ಗೇರು: ಹಲ್ಲಿನ ಲೆಕ್ಕ, ಹಣದ ಲೆಕ್ಕ

ಗೇರಿನ ಸೈಕಲ್ಲನ್ನು ಕೊಳ್ಳಲೆಂದು ಅಂಗಡಿಗೆ ಹೋದ ವಿದ್ಯಾರ್ಥಿಗೆ ಮೊದಲು ಎದುರಾಗುವ ಪ್ರಶ್ನೆ, "ಎಷ್ಟು ಗೇರಿನದು ಬೇಕು?" ಎಂಬುದು. ಹದಿನಾರು ಗೇರಿನದಕ್ಕೆ ಒಂದು ಬೆಲೆ, ಇಪ್ಪತ್ತೆರಡರದಕ್ಕೆ ಇನ್ನೊಂದು, ಇಪ್ಪತ್ತನಾಲ್ಕರದಕ್ಕೆ ಮತ್ತೂ ಹೆಚ್ಚಿನದು. ಸಂಖ್ಯೆಯೊಡನೆ ಬೆಲೆ ಏರುವುದನ್ನು ಕಂಡವರು, ಬೆಲೆಯೊಡನೆ ಸೈಕಲ್ಲಿನ ಯೋಗ್ಯತೆಯೂ ಅದೇ ಪ್ರಮಾಣದಲ್ಲಿ ಏರುತ್ತದೆಂದು ಭಾವಿಸುವುದು ಸಹಜ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ನಾನು ಹೋಗಬೇಕಾದ ದಾರಿಯಲ್ಲಿ ಅತ್ಯಂತ ಕಡಿದಾದ ಏರು ಯಾವುದು, ಅದನ್ನು ನನ್ನ ಕಾಲು ಯಾವ ಗೇರಿನಲ್ಲಿ ಏರಬಲ್ಲದು? ಈ ಪ್ರಶ್ನೆಗೆ ಅಂಗಡಿಯವರಿಗಿಂತ ಚೆನ್ನಾಗಿ ಉತ್ತರ ಕೊಡಬಲ್ಲುದು ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನ. ಮನೆಯವರು ಎಣಿಸಿ ಕೊಟ್ಟ ಹಣ ಎಲ್ಲಿ ಕಾಲಿಗೆ ನೆರವಾಗುತ್ತದೆ, ಎಲ್ಲಿ ಕೇವಲ ಕಣ್ಣಿಗೆ ಹಬ್ಬವಾಗಿ ಮುಗಿಯುತ್ತದೆ ಎಂಬುದೂ ಅದೇ ಲೆಕ್ಕದಿಂದ ತಿಳಿದುಬರುತ್ತದೆ.

ಸೈಕಲ್ಲಿನ ಚಾಲನಾಂಗಗಳು ಹೆಚ್ಚೇನೂ ಇಲ್ಲ. ಪೆಡಲು, ಅದನ್ನು ಹೊತ್ತ ಕ್ರ್ಯಾಂಕು, ಕ್ರ್ಯಾಂಕಿಗೆ ಬಿಗಿದ ಒಂದೆರಡು ದೊಡ್ಡ ಹಲ್ಲುಚಕ್ರಗಳು, ಚೈನು, ಹಿಂದಿನ ಗಾಲಿಗೆ ಗೊಂಚಲಾಗಿ ಜೋಡಿಸಿದ ಸಣ್ಣ ಹಲ್ಲುಚಕ್ರಗಳು, ಇವನ್ನು ಕ್ಯಾಸೆಟ್ಟು ಎನ್ನುತ್ತಾರೆ, ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರು, ಅದನ್ನು ತಂತಿಯ ಮೂಲಕ ಎಳೆಯುವ, ಹ್ಯಾಂಡಲಿನ ಮೇಲಿನ ಲಿವರು. ಇವೆಲ್ಲವನ್ನೂ ಒಂದೇ ತಯಾರಕರು ಹೊಂದಿಸಿ ಮಾರುವ ಜೋಡಣೆಗೆ ಗ್ರೂಪ್‌ಸೆಟ್ ಎಂದು ಹೆಸರು.

ಈ ಯಂತ್ರ ಮಾಡುವ ಕೆಲಸವೇನು? ತರಗತಿಯಲ್ಲಿ ಹೀಗೆ ಕೇಳಿದರೆ, "ಗೇರು ನಮ್ಮ ಶಕ್ತಿಯನ್ನು ಹೆಚ್ಚಿಸುತ್ತದೆ" ಎಂಬ ಉತ್ತರ ಪ್ರತಿವರ್ಷವೂ ತಪ್ಪದೆ ಬರುತ್ತದೆ. ಗೇರು ಶಕ್ತಿಯನ್ನು ಹೆಚ್ಚಿಸಲಾರದು. ಘರ್ಷಣೆಯ ರೂಪದಲ್ಲಿ ಸ್ವಲ್ಪವನ್ನು ಕಳೆಯುವುದೇ ಉಂಟು. ಅದು ಮಾಡುವುದು ವಿನಿಮಯವನ್ನು ಮಾತ್ರ. ಕಡಿಮೆ ದೂರ ಹೆಚ್ಚು ಬಲದಿಂದ ತುಳಿಯುವುದಕ್ಕೆ ಬದಲು ಹೆಚ್ಚು ದೂರ ಕಡಿಮೆ ಬಲದಿಂದ ತುಳಿಯಲು, ಇಲ್ಲವೆ ಇದಕ್ಕೆ ವಿರುದ್ಧವಾಗಿ ನಡೆಸಲು, ಅದು ಅವಕಾಶ ಮಾಡಿಕೊಡುತ್ತದೆ. ಈ ವಿನಿಮಯ ಅಗತ್ಯವಾಗುವುದಕ್ಕೆ ಕಾರಣ ನಮ್ಮ ಕಾಲಿನ ಸ್ವಭಾವ. ಮನುಷ್ಯನ ಕಾಲು ಮಿನಿಟಿಗೆ ಸುಮಾರು 60ರಿಂದ 90 ಸುತ್ತುಗಳವರೆಗಿನ ವೇಗದಲ್ಲಿ ಮಾತ್ರ ಬಹುಕಾಲ ಸುಖವಾಗಿ ಕೆಲಸಮಾಡಬಲ್ಲ ಎಂಜಿನು. ಆಮ್ಲಜನಕದ ಖರ್ಚನ್ನಷ್ಟೇ ಅಳೆದರೆ ಈ ವ್ಯಾಪ್ತಿಯ ಕೆಳಗಿನ ತುದಿಯೇ ಮಿತವ್ಯಯದ್ದು. ಆದರೂ ನುರಿತ ಸವಾರರು 80-90 ಸುತ್ತುಗಳನ್ನೇ ಆರಿಸಿಕೊಳ್ಳುತ್ತಾರೆ. ಪ್ರತಿಯೊಂದು ತುಳಿತದ ಬಲ ಕಡಿಮೆಯಾದಷ್ಟೂ ತೊಡೆಯ ಸ್ನಾಯುಗಳು ಬೇಗ ಸೋಲುವುದಿಲ್ಲ, ಮೊಣಕಾಲಿಗೆ ಭಾರ ಬೀಳುವುದಿಲ್ಲ. ರಸ್ತೆಯೋ, ಸಮತಟ್ಟಾಗಿಯೂ ಇರುತ್ತದೆ, ಗೋಡೆಯಂತೆ ಎದ್ದೂ ನಿಲ್ಲುತ್ತದೆ. ಬದಲಾಗದ ಕಾಲನ್ನು ಬದಲಾಗುವ ರಸ್ತೆಗೆ ಹೊಂದಿಸುವ ಕೆಲಸ ಹಲ್ಲುಚಕ್ರಗಳದು.

ಹೊಂದಾಣಿಕೆಯನ್ನು ಅಳೆಯುವ ರೀತಿ ಸುಲಭ. ಮುಂದಿನ ಚಕ್ರದ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಚಕ್ರದ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಗಾಲಿಯ ಸುತ್ತಳತೆಯಿಂದ ಗುಣಿಸಿದರೆ, ಪೆಡಲು ಒಂದು ಪೂರ್ಣ ಸುತ್ತು ಬಂದಾಗ ಸೈಕಲ್ಲು ಎಷ್ಟು ಮುಂದೆ ಹೋಗುತ್ತದೆಂಬುದು ದೊರೆಯುತ್ತದೆ. ಇದನ್ನು ಈ ಲೇಖನದಲ್ಲಿ "ನಡೆ" ಎಂದು ಕರೆಯೋಣ. ನಮ್ಮ ಊರುಗಳ ಸಾಮಾನ್ಯ ಕರಿಯ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲುಗಳಿವೆ ಎಂದಿಟ್ಟುಕೊಳ್ಳಿ. ಗಾಲಿಯ ಸುತ್ತಳತೆ ಸುಮಾರು 2.2 ಮೀಟರು. ಆಗ ಅದರ ನಡೆ 5.4 ಮೀಟರು. ರಸ್ತೆ ಸೈಕಲ್ಲಿನ ಗಾಲಿಯ ಸುತ್ತಳತೆ ಸುಮಾರು 2.1 ಮೀಟರು. ಈಗ ಹೆಚ್ಚಾಗಿ ಬಳಕೆಯಲ್ಲಿರುವ, ಕಾಂಪ್ಯಾಕ್ಟ್ ಎಂದು ಕರೆಯುವ ಕ್ರ್ಯಾಂಕಿನಲ್ಲಿ ಮುಂದೆ 50 ಮತ್ತು 34 ಹಲ್ಲುಗಳ ಎರಡು ಚಕ್ರಗಳಿರುತ್ತವೆ. ಹಿಂದೆ 11ರಿಂದ 28 ಹಲ್ಲುಗಳವರೆಗಿನ ಕ್ಯಾಸೆಟ್ಟಿದ್ದರೆ ಅತಿ ದೊಡ್ಡ ನಡೆ 9.5 ಮೀಟರು, ಅತಿ ಚಿಕ್ಕದು 2.55 ಮೀಟರು. ಹಲ್ಲುಗಳನ್ನು ಅಂಗಡಿಯಲ್ಲಿ ಬೆರಳಿಟ್ಟು ಎಣಿಸಬಹುದು. ಅನೇಕ ಚಕ್ರಗಳ ಮೇಲೆ ಸಂಖ್ಯೆಯನ್ನು ಕೊರೆದೇ ಇರುತ್ತಾರೆ.

ಚಿಕ್ಕ ನಡೆಯ ಪ್ರಯೋಜನವನ್ನು ಪ್ರಪಂಚ ಒಪ್ಪಿಕೊಂಡುದು ನಿಧಾನವಾಗಿಯೇ. ಫ್ರಾನ್ಸಿನ ಸೇಂಟ್ ಏಟಿಯೆನ್ನಿನಲ್ಲಿದ್ದ ಪಾಲ್ ದ ವಿವೀ ಎಂಬಾತ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಬದಲಾಗುವ ಗೇರುಗಳ ಪರವಾಗಿ ಎಡೆಬಿಡದೆ ವಾದಿಸಿದನು. ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ನಡೆಸುತ್ತಿದ್ದ ಆನ್ರಿ ದೆಗ್ರಾಂಜ್‌ಗೆ ಗೇರು ವಯಸ್ಸಾದವರ ಊರುಗೋಲಿನಂತೆ ಕಂಡಿತ್ತು. ಆ ಸ್ಪರ್ಧೆಯಲ್ಲಿ ಡಿರೇಲರಿಗೆ ಅನುಮತಿ ದೊರೆತುದು 1937ರಲ್ಲಿ. ಅದಕ್ಕೆ ಮೊದಲು ಸ್ಪರ್ಧಿಗಳ ಹಿಂದಿನ ಗಾಲಿಯ ಎರಡು ಪಕ್ಕಗಳಲ್ಲಿ ಬೇರೆಬೇರೆ ಗಾತ್ರದ ಹಲ್ಲುಚಕ್ರಗಳಿರುತ್ತಿದ್ದವು. ಬೆಟ್ಟದ ಬುಡಕ್ಕೆ ಬಂದಾಗ ಇಳಿದು, ಗಾಲಿಯನ್ನು ಬಿಚ್ಚಿ, ತಿರುಗಿಸಿ ಹಾಕಿಕೊಂಡು ಮುಂದುವರಿಯಬೇಕಾಗಿತ್ತು. ಇಂದಿಗೂ ಚಿಕ್ಕ ಗೇರನ್ನು ಬಳಸುವುದೆಂದರೆ ಸೋಲೊಪ್ಪಿದಂತೆ ಎಂದು ತಿಳಿಯುವ ತರುಣರು ಇಲ್ಲದಿಲ್ಲ. ಅವರಿಗಾಗಿಯೇ ಮುಂದಿನ ಲೆಕ್ಕವನ್ನು ತುಸು ವಿವರವಾಗಿ ಕೊಡುತ್ತೇನೆ.

ಬೆಂಗಳೂರಿನ ಸವಾರರು ನಸುಕಿನಲ್ಲೇ ಎದ್ದು ನಂದಿಬೆಟ್ಟದ ಕಡೆಗೆ ಹೊರಡುತ್ತಾರೆ. ಮಲೆನಾಡಿನವರಿಗೆ ಮನೆಯ ಮುಂದೆಯೇ ಘಟ್ಟವಿರುತ್ತದೆ. ಇಂತಹ ದಾರಿಯಲ್ಲಿ ಶೇಕಡ 8ರ ಏರೊಂದನ್ನು, ಎಂದರೆ ನೂರು ಮೀಟರು ಸಾಗಿದರೆ ಎಂಟು ಮೀಟರು ಮೇಲೇರುವ ರಸ್ತೆಯೊಂದನ್ನು, ತೆಗೆದುಕೊಳ್ಳೋಣ. ಸವಾರನ ತೂಕ 60 ಕಿಲೋಗ್ರಾಂ, ಸೈಕಲ್ಲು, ನೀರು, ಬಟ್ಟೆಬರೆ ಸೇರಿ 12, ಒಟ್ಟು 72. ಗುರುತ್ವ ಹಿಂದಕ್ಕೆಳೆಯುವ ಬಲ 72 × 9.8 × 0.08, ಸುಮಾರು 56 ನ್ಯೂಟನ್. ಟೈರಿನ ಉರುಳು ತಡೆಗೆ ಮೂರೂವರೆ ನ್ಯೂಟನ್, ಆ ನಿಧಾನ ವೇಗದಲ್ಲಿ ಗಾಳಿಯ ತಡೆಗೆ ಒಂದೂವರೆ ನ್ಯೂಟನ್ ಸೇರಿಸಿದರೆ ಒಟ್ಟು 61. ಸಾಕಷ್ಟು ಅಭ್ಯಾಸವಿರುವ ಆರೋಗ್ಯವಂತ ಯುವಕನೋ ಯುವತಿಯೋ ಮುಕ್ಕಾಲು ಗಂಟೆಯ ಕಾಲ 150 ವಾಟ್ ಸಾಮರ್ಥ್ಯವನ್ನು ಒದಗಿಸಬಲ್ಲರೆಂದು ಊಹಿಸೋಣ. ಇದು ಒಂದು ಅಶ್ವಸಾಮರ್ಥ್ಯದ ಐದನೆಯ ಒಂದು ಭಾಗ. ಚೈನು ಮುಂತಾದವುಗಳಲ್ಲಿ ಶೇಕಡ 3ರಷ್ಟು ನಷ್ಟವಾದರೆ ಗಾಲಿಗೆ ಉಳಿಯುವುದು 145 ವಾಟ್. ಸಾಮರ್ಥ್ಯವನ್ನು ಬಲದಿಂದ ಭಾಗಿಸಿದರೆ ವೇಗ: ಸೆಕೆಂಡಿಗೆ 2.4 ಮೀಟರು, ಮಿನಿಟಿಗೆ 144 ಮೀಟರು, ಗಂಟೆಗೆ ಎಂಟೂವರೆ ಕಿಲೋಮೀಟರಿಗೆ ತುಸು ಹೆಚ್ಚು. ಈ ಸವಾರನ ಕಾಲಿನಲ್ಲಿರುವ ಸಾಮರ್ಥ್ಯಕ್ಕೆ ಇದಕ್ಕಿಂತ ಹೆಚ್ಚಿನ ವೇಗವನ್ನು ಯಾವ ಗೇರೂ ಕೊಡಲಾರದು.

ವೇಗ ಗೊತ್ತಾದ ಮೇಲೆ ಕಾಲು ಎಷ್ಟು ಸುತ್ತು ತಿರುಗಬೇಕೆಂಬುದು ಬರಿಯ ಭಾಗಾಕಾರ. 144ನ್ನು ನಡೆಯಿಂದ ಭಾಗಿಸಿ. ಕರಿಯ ಸೈಕಲ್ಲಿನ 5.4 ಮೀಟರಿನ ನಡೆಗೆ ಮಿನಿಟಿಗೆ 27 ಸುತ್ತು. ಹಿಂದಿನ ತಲೆಮಾರಿನ ಸ್ಪರ್ಧಾ ಸೈಕಲ್ಲುಗಳಲ್ಲಿದ್ದ 39 ಹಲ್ಲಿನ ಮುಂಚಕ್ರಕ್ಕೆ 25 ಹಲ್ಲಿನ ಹಿಂಚಕ್ರ ಹಾಕಿದರೆ 44 ಸುತ್ತು. 34ಕ್ಕೆ 28 ಹಾಕಿದರೆ 56. 34ಕ್ಕೆ 32 ಆದರೆ 65. 34ಕ್ಕೆ 34 ಆದರೆ 69. ಪೆಡಲಿನ ಮೇಲೆ ಬೀಳಬೇಕಾದ ಬಲವನ್ನೂ ನೋಡಿರಿ. ಕ್ರ್ಯಾಂಕಿನ ಉದ್ದ 170 ಮಿಲಿಮೀಟರು ಆದರೆ ಪೆಡಲು ಒಂದು ಸುತ್ತಿನಲ್ಲಿ 1.07 ಮೀಟರು ಚಲಿಸುತ್ತದೆ. ಕರಿಯ ಸೈಕಲ್ಲಿನಲ್ಲಿ ಸರಾಸರಿ ಬಲ ಸುಮಾರು 32 ಕಿಲೋಗ್ರಾಂ ಭಾರಕ್ಕೆ ಸಮ, 39/25ರಲ್ಲಿ 20, 34/28ರಲ್ಲಿ 15, 34/34ರಲ್ಲಿ 13ಕ್ಕಿಂತಲೂ ಕಡಿಮೆ. ಇದು ಸರಾಸರಿ. ಪೆಡಲು ಮೇಲಿನ ಮತ್ತು ಕೆಳಗಿನ ತುದಿಗಳನ್ನು ದಾಟುವಾಗ ಬಲ ಬಹುಮಟ್ಟಿಗೆ ಸೊನ್ನೆಯಾಗುವುದರಿಂದ ನಡುವೆ ಅದು ಸರಾಸರಿಯ ಒಂದೂವರೆ ಪಟ್ಟಿಗೂ ಮಿಗಿಲಾಗಿರಬೇಕಾಗುತ್ತದೆ. ಹೀಗಾಗಿ ಕರಿಯ ಸೈಕಲ್ಲಿನ ಸವಾರ ಪ್ರತಿ ತುಳಿತಕ್ಕೂ 50 ಕಿಲೋಗ್ರಾಂ ಭಾರವನ್ನು ಹೇರಬೇಕು. ಎಂದರೆ ಸೀಟಿನಿಂದ ಎದ್ದು ಹೆಚ್ಚು ಕಡಮೆ ತನ್ನ ಮೈಭಾರವನ್ನೆಲ್ಲ ಒಂದೊಂದು ಪೆಡಲಿನ ಮೇಲೆ ನಿಲ್ಲಿಸಬೇಕು. ಅದರ ತೂಕವೂ ರಸ್ತೆ ಸೈಕಲ್ಲಿಗಿಂತ ಬಹಳ ಹೆಚ್ಚೆಂಬುದನ್ನು ನಾವಿನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹಾಲಿನವರೂ ಅಂಚೆಯವರೂ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತಿದ್ದುದು ಸೋಮಾರಿತನದಿಂದಲ್ಲ.

28 ಹಲ್ಲಿನ ಹಿಂಚಕ್ರಕ್ಕೂ 34 ಹಲ್ಲಿನದಕ್ಕೂ ನಡುವೆ ಒಂದೇ ಏರಿನಲ್ಲಿ 13 ಸುತ್ತುಗಳ ಅಂತರವುಂಟೆಂಬುದು ಈ ಲೆಕ್ಕದ ಮುಖ್ಯ ಫಲ. 56 ಸುತ್ತೆಂದರೆ ಸುಖದ ವ್ಯಾಪ್ತಿಯಿಂದ ಕೆಳಗೆ, 69 ಎಂದರೆ ಅದರ ಒಳಗೆ. ತಿರುವಿನ ಒಳಬದಿಯಲ್ಲಿ ಏರು ಶೇಕಡ 12ಕ್ಕೆ ಮುಟ್ಟಿದಾಗ ಈ ಅಂತರವೇ ಸೈಕಲ್ಲಿನ ಮೇಲೆ ಉಳಿಯುವುದಕ್ಕೂ ಇಳಿಯುವುದಕ್ಕೂ ಇರುವ ಅಂತರ. ಇಷ್ಟು ದೊಡ್ಡ ಲಾಭವನ್ನು ತರುವ ಬದಲಾವಣೆಯೋ, ಒಂದು ಕ್ಯಾಸೆಟ್ಟಿನ ಬದಲು ಅದೇ ದರ್ಜೆಯ ಇನ್ನೊಂದನ್ನು ಆರಿಸುವುದು ಮಾತ್ರ. ಚಾಲನಾಂಗಗಳಿಗೆ ಮಾಡುವ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದುದನ್ನು ನಾನು ಕಾಣೆ.

ಎಲ್ಲರಿಗೂ 34 ಹಲ್ಲಿನದೇ ಬೇಕೆಂದು ಇದರ ಅರ್ಥವಲ್ಲ. ನಮ್ಮ ನಾಡಿನ ಅನೇಕ ಒಳ್ಳೆಯ ರಸ್ತೆ ಸೈಕಲ್ ಪಟುಗಳು ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಬಂದವರು. ಅಲ್ಲಿನ ಬಯಲಿನಲ್ಲಿ ಎದುರಾಳಿ ಏರಲ್ಲ, ಗಾಳಿ. ಅಲ್ಲಿ 11ರಿಂದ 25 ಅಥವಾ 28ರವರೆಗಿನ ಕ್ಯಾಸೆಟ್ಟೇ ಸಾಕು. ಒಂದು ಹಲ್ಲುಚಕ್ರಕ್ಕೂ ಮುಂದಿನದಕ್ಕೂ ಅಂತರ ಕಡಿಮೆಯಿರುವುದೇ ಅಲ್ಲಿ ಅನುಕೂಲ.

ಈ ಅಂತರದ ಮಾತು ಬಂದುದರಿಂದ ಈಗ ಗೇರುಗಳ ಸಂಖ್ಯೆಗೆ ಬರಬಹುದು. ಹಿಂದೆ ಎಂಟು ಚಕ್ರಗಳಿರುವ 11-32ರ ಕ್ಯಾಸೆಟ್ಟಿನಲ್ಲಿ ಹಲ್ಲುಗಳು 11, 13, 15, 18, 21, 24, 28, 32 ಎಂದಿರುತ್ತವೆ. ಹನ್ನೊಂದು ಚಕ್ರಗಳ 11-32ರಲ್ಲಿ 11, 12, 13, 14, 16, 18, 20, 22, 25, 28, 32. ಮೊದಲನೆಯದೂ ಕೊನೆಯದೂ ಒಂದೇ ಆಗಿರುವುದನ್ನು ಗಮನಿಸಿರಿ. ದುಬಾರಿಯ ಕ್ಯಾಸೆಟ್ಟು ನಿಮ್ಮನ್ನು ಹೆಚ್ಚು ಕಡಿದಾದ ಬೆಟ್ಟಕ್ಕೆ ಏರಿಸುವುದಿಲ್ಲ, ಇಳಿಜಾರಿನಲ್ಲಿ ಹೆಚ್ಚು ವೇಗವನ್ನೂ ಕೊಡುವುದಿಲ್ಲ. ನಡುವಿನ ಮೆಟ್ಟಿಲುಗಳನ್ನು ಚಿಕ್ಕದು ಮಾಡುತ್ತದೆ, ಅಷ್ಟೆ. ಎಂಟರದರಲ್ಲಿ 21ರಿಂದ 18ಕ್ಕೆ ಬಂದರೆ ಕಾಲಿನ ಸುತ್ತು ಒಮ್ಮೆಲೇ 90ರಿಂದ 77ಕ್ಕೆ ಇಳಿಯುತ್ತದೆ. ಹನ್ನೊಂದರದರಲ್ಲಿ 22ರಿಂದ 20ಕ್ಕೆ ಬಂದರೆ 82ಕ್ಕೆ ಮಾತ್ರ. ಗುಂಪಿನ ನಡುವೆ, ಬೇರೆಯವರು ಗೊತ್ತುಮಾಡಿದ ವೇಗದಲ್ಲಿ ಓಡಿಸಬೇಕಾದ ಸ್ಪರ್ಧಿಗೆ ಈ ನಯ ಬೆಲೆಬಾಳುವಂಥದು. ಒಬ್ಬನೇ ಹೋಗುವವನು ವೇಗವನ್ನೇ ತುಸು ಹೆಚ್ಚು ಕಡಮೆ ಮಾಡಿಕೊಂಡು ಸುಖವಾಗಿರಬಹುದು. ಇನ್ನು ಹದಿನಾರು ಗೇರುಗಳೆಂದು ಹೇಳುವುದೂ ಪೂರ್ತಿ ನಿಜವಲ್ಲ. 50/28ಕ್ಕೂ 34/18ಕ್ಕೂ, 50/32ಕ್ಕೂ 34/21ಕ್ಕೂ ಭಾಗಾಕಾರ ಮಾಡಿ ನೋಡಿದರೆ ಅವು ಬಹುಮಟ್ಟಿಗೆ ಒಂದೇ ಗೇರು ಎಂಬುದು ಕಾಣುತ್ತದೆ.

ಈಗ ಹೆಸರುಗಳ ವಿಷಯ. ನಮ್ಮ ಅಂಗಡಿಗಳ ರಸ್ತೆ ಸೈಕಲ್ಲುಗಳಲ್ಲಿ ಹೆಚ್ಚಾಗಿ ಕಾಣುವುದು ಜಪಾನಿನ ಶಿಮಾನೊ ಕಂಪೆನಿಯ ಭಾಗಗಳು. 1921ರಲ್ಲಿ ಸಕಾಯಿ ನಗರದಲ್ಲಿ ಫ್ರೀವೀಲು ತಯಾರಿಸುವುದರೊಂದಿಗೆ ಆರಂಭವಾದ ಕಂಪೆನಿಯಿದು. ಇಟಲಿಯ ಕ್ಯಾಂಪಗ್ನೊಲೊ 1933ರಲ್ಲಿಯೂ ಅಮೆರಿಕದ ಸ್ರ್ಯಾಮ್ 1987ರಲ್ಲಿಯೂ ಸ್ಥಾಪಿತವಾದುವು. ಶಿಮಾನೊ ಮಾಲಿಕೆಯಲ್ಲಿ ಕ್ಲಾರಿಸ್ ಎಂಬುದಕ್ಕೆ ಹಿಂದೆ 8 ಚಕ್ರಗಳು, ಸೋರಾಕ್ಕೆ 9, ಟಿಯಾಗ್ರಾಕ್ಕೆ 10. 105 ಎಂಬ ಮಾಲಿಕೆಗೆ ಮೊದಲು 11 ಇದ್ದು, 2022ರಲ್ಲಿ ವಿದ್ಯುತ್ತಿನಿಂದ ಗೇರು ಬದಲಿಸುವ ಮಾದರಿಯೂ ಮರುವರ್ಷ ತಂತಿಯ ಮಾದರಿಯೂ 12 ಚಕ್ರಗಳೊಡನೆ ಬಂದುವು. ಅದರ ಮೇಲೆ ಅಲ್ಟೆಗ್ರಾ, ಎಲ್ಲಕ್ಕೂ ಮೇಲೆ ಡ್ಯೂರಾ-ಏಸ್. ಮೇಲಕ್ಕೆ ಹೋದಂತೆ ತೂಕ ಇಳಿಯುತ್ತದೆ, ಲಿವರಿನ ಸ್ಪರ್ಶ ಹಗುರಾಗುತ್ತದೆ, ಬೆಲೆ ಮಾತ್ರ ಈ ಎರಡಕ್ಕಿಂತಲೂ ಬೇಗ ಬೇಗ ಏರುತ್ತದೆ.

ತೂಕದ ಲಾಭವೆಷ್ಟು? ದುಬಾರಿಯ ಜೋಡಣೆಯಿಂದ ಅರ್ಧ ಕಿಲೋಗ್ರಾಂ ಉಳಿಯಿತೆಂದೇ ಭಾವಿಸೋಣ. 72 ಕಿಲೋಗ್ರಾಮಿನಲ್ಲಿ ಇದು ಶೇಕಡ 0.7. ಮೇಲೆ ಹೇಳಿದ ಏರನ್ನು ಮುಗಿಸಲು 40 ಮಿನಿಟು ಹಿಡಿಯುತ್ತಿದ್ದರೆ ಈಗ ಸುಮಾರು 15 ಸೆಕೆಂಡು ಮುಂಚೆ ತುದಿಯನ್ನು ಮುಟ್ಟಬಹುದು. ನೀರಿನ ಬಾಟಲಿಯನ್ನು ಬೆಟ್ಟದ ಬುಡದಲ್ಲಿ ಅರ್ಧ ಕುಡಿದು ಮುಗಿಸಿದರೆ ಈ ಲಾಭದ ಒಂದು ಭಾಗ ಪುಕ್ಕಟೆಯಾಗಿಯೇ ಸಿಗುತ್ತದೆ, ಹೊಟ್ಟೆಗೆ ಹೋದ ನೀರಿಗೂ ತೂಕವುಂಟೆಂಬುದನ್ನು ಮರೆತರೆ! ಸ್ಪರ್ಧೆಯಲ್ಲಿ 15 ಸೆಕೆಂಡು ಅಲ್ಪವಲ್ಲ. ಕಾಲೇಜಿಗೆ ಹೋಗಿಬರುವುದಕ್ಕೂ ಭಾನುವಾರದ ಸವಾರಿಗೂ ಒಂದೇ ಸೈಕಲ್ಲನ್ನು ಬಳಸುವ ವಿದ್ಯಾರ್ಥಿ ಅದಕ್ಕಾಗಿ ಸಾಲ ಮಾಡಬೇಕಾಗಿಲ್ಲ.

ಅಗ್ಗದ ಸೈಕಲ್ಲನ್ನು ಕೊಂಡು ಮುಂದೆ ಒಂದೊಂದೇ ಭಾಗವನ್ನು ಮೇಲ್ದರ್ಜೆಗೆ ಏರಿಸುತ್ತ ಹೋಗುವೆನೆಂಬ ಯೋಜನೆಯೂ ತರುಣರಲ್ಲಿ ಸಾಮಾನ್ಯ. ಇದರಲ್ಲಿ ಎರಡು ತೊಡಕುಗಳಿವೆ. ಸೈಕಲ್ ತಯಾರಕರು ಭಾಗಗಳನ್ನು ಸಾವಿರಗಟ್ಟಲೆ ಕೊಳ್ಳುವುದರಿಂದ ಅವರಿಗೆ ಬೀಳುವ ಬೆಲೆ ಬೇರೆ, ಬಿಡಿಯಾಗಿ ಕೊಳ್ಳುವ ನಮಗೆ ಬೀಳುವ ಬೆಲೆ ಬೇರೆ. ಎರಡನೆಯದಾಗಿ, ಈ ಭಾಗಗಳು ಒಂದರ ಕೈಯನ್ನು ಇನ್ನೊಂದು ಹಿಡಿದುಕೊಂಡಿವೆ. 1984ರಲ್ಲಿ ಶಿಮಾನೊ ತನ್ನ ಡ್ಯೂರಾ-ಏಸ್ ಮಾಲಿಕೆಯಲ್ಲಿ, ಲಿವರಿನ ಪ್ರತಿಯೊಂದು "ಟಿಕ್ಕಿಗೂ" ಅಳೆದಷ್ಟೇ ತಂತಿ ಎಳೆಯಲ್ಪಡುವ ವ್ಯವಸ್ಥೆಯನ್ನು ತಂದಿತು. ಅಂದಿನಿಂದ ಎಂಟರ ಲಿವರಿಗೆ ಎಂಟರ ಕ್ಯಾಸೆಟ್ಟು, ಹನ್ನೊಂದರದಕ್ಕೆ ಹನ್ನೊಂದರದೇ ಆಗಬೇಕು. ಚಕ್ರಗಳ ಸಂಖ್ಯೆ ಹೆಚ್ಚಿದಂತೆ ಚೈನೂ ತೆಳುವಾಗುತ್ತದೆ. ಶಿಮಾನೊದ 8, 9, 10 ಚಕ್ರಗಳ ಕ್ಯಾಸೆಟ್ಟುಗಳು ಒಂದೇ ಗುಂಬದ ಮೇಲೆ ಕೂರಬಲ್ಲವು. ರಸ್ತೆ ಸೈಕಲ್ಲಿನ 11ರದಕ್ಕೆ 1.85 ಮಿಲಿಮೀಟರು ಹೆಚ್ಚು ಉದ್ದದ ಗುಂಬ ಬೇಕು. ಎರಡು ಮಿಲಿಮೀಟರು ಕೂಡ ಇಲ್ಲದ ಈ ಅಂತರಕ್ಕಾಗಿ ಹೊಸ ಗಾಲಿಯನ್ನೇ ಕೊಳ್ಳಬೇಕಾಗಿ ಬರುವುದುಂಟು. ಆದುದರಿಂದ ಮುಂದೆ ಏರಿಸುವ ಆಸೆಯನ್ನು ಬಿಟ್ಟು, ಬೇಕಾದ ದರ್ಜೆಯ ಸೈಕಲ್ಲನ್ನು ಇಡಿಯಾಗಿಯೇ ಕೊಳ್ಳುವುದು ಲೇಸು. ಕ್ಯಾಸೆಟ್ಟೊಂದನ್ನು ಮಾತ್ರ ಅದೇ ಸಂಖ್ಯೆಯೊಳಗೆ ಬದಲಿಸಿಕೊಳ್ಳಬಹುದು.

ಅದಕ್ಕೂ ಡಿರೇಲರಿನ ಅಪ್ಪಣೆ ಬೇಕು. ಚೈನಿನ ಸಡಿಲವನ್ನು ಹೀರಿಕೊಳ್ಳುವುದು ಡಿರೇಲರಿನ ತೂಗಾಡುವ ತೋಳು; ಅದು ಎಷ್ಟು ಸಡಿಲವನ್ನು ಹೀರಬಲ್ಲದೆಂಬುದನ್ನು ತಯಾರಕರು ಹಲ್ಲುಗಳ ಲೆಕ್ಕದಲ್ಲಿ ತಿಳಿಸಿರುತ್ತಾರೆ. ಮುಂದಿನ ಎರಡು ಚಕ್ರಗಳ ಹಲ್ಲುಗಳ ವ್ಯತ್ಯಾಸಕ್ಕೆ ಹಿಂದಿನ ಅತಿ ದೊಡ್ಡ ಮತ್ತು ಅತಿ ಚಿಕ್ಕ ಚಕ್ರಗಳ ವ್ಯತ್ಯಾಸವನ್ನು ಕೂಡಿಸಿರಿ. 50-34, 11-28 ಆದರೆ 16 + 17 = 33. ಹಿಂದೆ 11-34 ಹಾಕಿದರೆ 16 + 23 = 39. ಗಿಡ್ಡ ತೋಳಿನ ಡಿರೇಲರು ಇಷ್ಟನ್ನು ತಾಳಲಾರದು, ಉದ್ದ ತೋಳಿನದು ಬೇಕಾಗುತ್ತದೆ. ಡಿರೇಲರು ಒಪ್ಪುವ ಅತಿ ದೊಡ್ಡ ಹಿಂಚಕ್ರ ಯಾವುದೆಂಬ ಮಿತಿಯೂ ಪ್ರತ್ಯೇಕವಾಗಿ ಇರುತ್ತದೆ. ದೊಡ್ಡ ಕ್ಯಾಸೆಟ್ಟಿಗೆ ಚೈನೂ ಉದ್ದವಾಗಿರಬೇಕು. ಗಿಡ್ಡ ಚೈನನ್ನು ಮುಂದೆಯೂ ಹಿಂದೆಯೂ ಅತಿ ದೊಡ್ಡ ಚಕ್ರಗಳಿಗೆ ಏರಿಸಿದರೆ ಡಿರೇಲರೇ ಕಿತ್ತುಬರಬಹುದು. ಈ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು.

ಅತಿ ಅಗ್ಗದ ಗೇರಿನ ಸೈಕಲ್ಲುಗಳ ಬಗ್ಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಕ್ಯಾಸೆಟ್ಟಿಗೆ ಬದಲು ತಿರುಪಿನಿಂದ ಕೂರಿಸಿದ ಫ್ರೀವೀಲು ಇರುತ್ತದೆ. ಆ ರಚನೆಯಲ್ಲಿ ಬಲಗಡೆಯ ಬೇರಿಂಗು ಹಲ್ಲುಚಕ್ರಗಳಿಗಿಂತ ಒಳಗಿರುವುದರಿಂದ ಅಚ್ಚಿನ ತುದಿ ಉದ್ದಕ್ಕೆ ಆಧಾರವಿಲ್ಲದೆ ಉಳಿಯುತ್ತದೆ. ಸನ್ನೆಕೋಲಿನ ತತ್ತ್ವವನ್ನು ಓದಿದವರಿಗೆ, ಭಾರ ಬಿದ್ದಾಗ ಆ ಅಚ್ಚು ಏಕೆ ಬಾಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ಕ್ಯಾಸೆಟ್ಟಿನ ರಚನೆಯಲ್ಲಿ ಬೇರಿಂಗು ತುದಿಯ ಹತ್ತಿರವೇ ಇರುತ್ತದೆ. ಹಣ ಸ್ವಲ್ಪ ಹೆಚ್ಚಾದರೂ ಇಲ್ಲಿ ಕೊಡಬೇಕು.

ಕೊಳ್ಳುವಾಗಿನ ಖರ್ಚು ಒಂದು ಸಲ ಆಗುವಂಥದು. ಬಳಕೆಯ ಖರ್ಚು ವರ್ಷವರ್ಷವೂ ಬರುತ್ತದೆ, ಅದನ್ನು ಎಣಿಸುವವರು ಕಡಿಮೆ. ಇದರ ಮೂಲ ಚೈನಿನಲ್ಲಿದೆ. 1880ರಲ್ಲಿ ಹ್ಯಾನ್ಸ್ ರೆನಾಲ್ಡ್ ಇಂಗ್ಲೆಂಡಿನಲ್ಲಿ ರೂಪಿಸಿದ ರೋಲರ್ ಚೈನಿನ ವಂಶದ್ದೇ ಇಂದಿನ ಸೈಕಲ್ ಚೈನು. ಅದರ ಒಂದು ಪಿನ್ನಿಗೂ ಮುಂದಿನದಕ್ಕೂ ನಡುವಣ ದೂರ ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರು. ಚೈನು ಹಳೆಯದಾದಾಗ "ಹಿಗ್ಗಿದೆ" ಎನ್ನುವ ರೂಢಿಯಿದೆ. ನಿಜವಾಗಿ ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಪಿನ್ನೂ ಅದು ತಿರುಗುವ ರಂಧ್ರವೂ ಒಂದನ್ನೊಂದು ಉಜ್ಜಿ ಸವೆಯುತ್ತವೆ. ಪ್ರತಿ ಕೊಂಡಿಯಲ್ಲೂ ಕೂದಲೆಳೆಯಷ್ಟು ಸಡಿಲವುಂಟಾಗುತ್ತದೆ. ಶೇಕಡ ಅರ್ಧದಷ್ಟು ಸವೆತವೆಂದರೆ ಕೊಂಡಿಗೆ 0.06 ಮಿಲಿಮೀಟರು. ಆದರೆ ಸುಮಾರು 110 ಕೊಂಡಿಗಳಲ್ಲಿ ಇದು ಕೂಡುತ್ತ ಹೋಗಿ ಇಡೀ ಚೈನು 7 ಮಿಲಿಮೀಟರು ಉದ್ದವಾಗಿರುತ್ತದೆ.

ಹಲ್ಲುಚಕ್ರದಲ್ಲಿ ಹಲ್ಲುಗಳ ಅಂತರ ಮಾತ್ರ 12.7 ಆಗಿಯೇ ಉಳಿದಿದೆ. ಹೊಸ ಚೈನಿನಲ್ಲಿ ಎಳೆತ ಅನೇಕ ಹಲ್ಲುಗಳ ನಡುವೆ ಹಂಚಿಹೋಗುತ್ತದೆ. ಸವೆದ ಚೈನು ಹಲ್ಲುಗಳ ಬುಡದಲ್ಲಿ ಕೂರಲಾರದೆ ಮೇಲಕ್ಕೆ ಏರುತ್ತದೆ, ಎಳೆತವೆಲ್ಲ ಒಂದೆರಡು ಹಲ್ಲುಗಳ ಮೇಲೆ ಬೀಳುತ್ತದೆ, ಆ ಹಲ್ಲುಗಳು ಕ್ರಮೇಣ ಕೊಕ್ಕೆಯ ಆಕಾರವನ್ನು ಪಡೆಯುತ್ತವೆ. ಇಂಥ ಚಕ್ರಕ್ಕೆ ಹೊಸ ಚೈನನ್ನು ಹಾಕಿದರೆ ಅದು ಕೂರದೆ ಹಾರುತ್ತದೆ. ಏರಿನಲ್ಲಿ ನಿಂತು ತುಳಿಯುವಾಗ ಚೈನು ಹಾರಿತೆಂದರೆ ಕಾಲು ಒಮ್ಮೆಲೇ ಕುಸಿದು ಸವಾರ ಹ್ಯಾಂಡಲಿನ ಮೇಲೆ ಬೀಳುತ್ತಾನೆ. ಹಿಂದಿನಿಂದ ಲಾರಿ ಬರುತ್ತಿದ್ದರೆ ಆಗುವ ಅನಾಹುತವನ್ನು ಊಹಿಸಬಹುದು.

ಸವೆತವನ್ನು ಅಳೆಯಲು ವಿಶೇಷ ಉಪಕರಣ ಬೇಕಿಲ್ಲ, ಕಂಪಾಸು ಪೆಟ್ಟಿಗೆಯ ಜೊತೆಗಿರುವ 30 ಸೆಂಟಿಮೀಟರಿನ ಅಳತೆಪಟ್ಟಿ ಸಾಕು. ಪೆಡಲನ್ನು ತುಸು ಒತ್ತಿ ಚೈನಿನ ಮೇಲಿನ ಭಾಗವನ್ನು ಬಿಗಿಯಾಗಿರಿಸಿ. ಒಂದು ಪಿನ್ನಿನ ನಡುವಿಗೆ ಸೊನ್ನೆಯನ್ನು ಹಿಡಿದು, ಅದನ್ನು ಬಿಟ್ಟು ಮುಂದಿನ ಇಪ್ಪತ್ತನೆಯ ಪಿನ್ನಿನ ನಡುವಿನವರೆಗೆ ಅಳೆಯಿರಿ. ಹೊಸ ಚೈನಿನಲ್ಲಿ ಇದು 254 ಮಿಲಿಮೀಟರು. 255.3ಕ್ಕೆ ಬಂದರೆ ಸವೆತ ಶೇಕಡ ಅರ್ಧ. 11-12 ಚಕ್ರಗಳ ತೆಳು ಚೈನನ್ನು ಆಗಲೇ ಬದಲಿಸಬೇಕು. 8-10 ಚಕ್ರಗಳದನ್ನು 255.9ರವರೆಗೆ, ಎಂದರೆ ಶೇಕಡ ಮುಕ್ಕಾಲಿನವರೆಗೆ, ಬಳಸಬಹುದು. 256.5 ಮುಟ್ಟಿದ್ದರೆ ಕ್ಯಾಸೆಟ್ಟಿಗೂ ಕಾಲ ಬಂದಿದೆಯೆಂದೇ ತಿಳಿಯಬೇಕು. ಅರ್ಧ ಮಿಲಿಮೀಟರನ್ನು ಕಣ್ಣಿನಿಂದ ಅಂದಾಜು ಮಾಡುವುದು ಪ್ರಯೋಗಶಾಲೆಯಲ್ಲಿ ಕಲಿತ ವಿದ್ಯೆಯೇ. ಎರಡು ಮೂರು ಕಡೆ ಅಳೆದು ಸರಾಸರಿ ತೆಗೆಯಿರಿ.

ಹಾಗಾದರೆ ಚೈನನ್ನು ಆಗಾಗ ಬದಲಿಸುವುದು ಲಾಭವೋ, ಎಲ್ಲವನ್ನೂ ಸವೆಯಲು ಬಿಟ್ಟು ಒಟ್ಟಿಗೆ ಬದಲಿಸುವುದು ಲಾಭವೋ? ಮಳೆ, ಧೂಳು, ಎಣ್ಣೆ, ಸವಾರನ ತೂಕ ಇವುಗಳ ಮೇಲೆ ಚೈನಿನ ಆಯುಸ್ಸು ಬಹಳ ಮಟ್ಟಿಗೆ ನಿಂತಿದೆ. ಲೆಕ್ಕಕ್ಕಾಗಿ ಮಾತ್ರ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಚೈನು 3,000 ಕಿಲೋಮೀಟರಿಗೆ ಮಿತಿಯನ್ನು ಮುಟ್ಟುತ್ತದೆ; ಆಗಲೇ ಬದಲಿಸುತ್ತ ಬಂದರೆ ಒಂದು ಕ್ಯಾಸೆಟ್ಟು ಮೂರು ಚೈನುಗಳನ್ನು ಕಾಣುತ್ತದೆ; ಬದಲಿಸದಿದ್ದರೆ 6,000 ಕಿಲೋಮೀಟರಿಗೆ ಎರಡೂ ಒಟ್ಟಿಗೆ ಹಾಳಾಗುತ್ತವೆ. ಚೈನಿನ ಬೆಲೆ 1 ಎಂದೂ ಕ್ಯಾಸೆಟ್ಟಿನದು ಅದರ ಕ ಪಟ್ಟು ಎಂದೂ ಇರಲಿ. 18,000 ಕಿಲೋಮೀಟರಿಗೆ ಮೊದಲನೆಯ ಕ್ರಮದಲ್ಲಿ 6 + 2ಕ, ಎರಡನೆಯದರಲ್ಲಿ 3 + 3ಕ. ಕ ಎಂಬುದು 3ಕ್ಕೆ ಸಮನಾದಾಗ ಎರಡೂ ಒಂದೇ. ಕ್ಯಾಸೆಟ್ಟಿನ ಬೆಲೆ ಚೈನಿನ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಆಗಾಗ ಚೈನು ಬದಲಿಸುವುದು ಲಾಭ. ಕಡಿಮೆಯಿದ್ದರೆ, ಆಶ್ಚರ್ಯವಾಗಬಹುದು, ಸುಮ್ಮನೆ ಬಿಡುವುದೇ ಅಗ್ಗ! ಆದರೆ ಈ ಎರಡನೆಯ ಕ್ರಮದಲ್ಲಿ ಮುಂದಿನ ಚಕ್ರಗಳೂ ಸವೆಯುತ್ತವೆಂಬುದನ್ನು ನಾವು ಬಿಟ್ಟಿದ್ದೇವೆ. ಅಗ್ಗದ ಕ್ರ್ಯಾಂಕುಗಳಲ್ಲಿ ಆ ಚಕ್ರಗಳನ್ನು ರಿವೆಟ್ ಹೊಡೆದು ಕೂಡಿಸಿರುವುದರಿಂದ ಇಡೀ ಕ್ರ್ಯಾಂಕನ್ನೇ ಬದಲಿಸಬೇಕಾದೀತು. ಅದರ ಬೆಲೆಯನ್ನು ಸೇರಿಸಿದರೆ ತಕ್ಕಡಿ ಮತ್ತೆ ಮೊದಲನೆಯ ಕಡೆಗೇ ವಾಲುತ್ತದೆ. ಚೈನು ಹಾರುವ ಅಪಾಯಕ್ಕೆ ಬೆಲೆ ಕಟ್ಟುವ ಬಗೆ ನನಗೆ ತಿಳಿಯದು. ನಿಮ್ಮ ಊರಿನ ಅಂಗಡಿಯಲ್ಲಿ ಚೈನು, ಕ್ಯಾಸೆಟ್ಟು, ಕ್ರ್ಯಾಂಕುಗಳ ಬೆಲೆಯನ್ನು ಕೇಳಿ ಈ ಸಮೀಕರಣದಲ್ಲಿ ಹಾಕಿ ನೋಡಿರಿ. ದರ್ಜೆ ಏರಿದಂತೆ ಕ ಕೂಡ ಏರುವುದನ್ನು ಕಾಣುವಿರಿ. ಎಂದರೆ ದುಬಾರಿಯ ಗ್ರೂಪ್‌ಸೆಟ್ಟು ಕೊಳ್ಳುವಾಗ ಒಂದು ಸಲ, ಸವೆಯುವಾಗ ಹಲವು ಸಲ ಹಣ ಕೇಳುತ್ತದೆ. ಸವೆತದ ಈ ಸಮಸ್ಯೆಯನ್ನು ಗಮನದಲ್ಲಿಟ್ಟುಕೊಂಡೇ ಶಿಮಾನೊ 2023ರಲ್ಲಿ ಕ್ಯೂಸ್ ಎಂಬ ಮಾಲಿಕೆಯಲ್ಲಿ ದಪ್ಪ ಹಲ್ಲುಗಳ ಕ್ಯಾಸೆಟ್ಟನ್ನು ತಂದಿತು. ಅದು ಹಿಂದಿನ ಮಾಲಿಕೆಗಳ ಭಾಗಗಳೊಡನೆ ಬೆರೆಯುವುದಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು.

ಎಣ್ಣೆಯ ವಿಚಾರದಲ್ಲಿ ಒಂದು ಸ್ವಾರಸ್ಯವಾದ ಪ್ರಯೋಗವುಂಟು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಪೈಸರ್ ಮತ್ತು ಸಂಗಡಿಗರು, ಚೈನಿನಲ್ಲಿ ಶಾಖವಾಗಿ ವ್ಯರ್ಥವಾಗುವ ಶಕ್ತಿಯನ್ನು ಅವರಕ್ತ ಕಿರಣಗಳ ಕ್ಯಾಮೆರಾದಿಂದಲೂ ನೋಡಿ, 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅತ್ಯುತ್ತಮ ಸ್ಥಿತಿಯಲ್ಲಿ ಚೈನಿನ ದಕ್ಷತೆ ಶೇಕಡ 98.6ರಷ್ಟಿತ್ತು. ಹಲ್ಲುಚಕ್ರ ದೊಡ್ಡದಾದಷ್ಟೂ ನಷ್ಟ ಕಡಿಮೆ. ಕಾರಣ ಸರಳವಾಗಿದೆ: 11 ಹಲ್ಲಿನ ಚಕ್ರವನ್ನು ಹತ್ತುವಾಗ ಪ್ರತಿ ಕೊಂಡಿ 33 ಡಿಗ್ರಿ ಬಾಗಬೇಕು, 22 ಹಲ್ಲಿನದಕ್ಕೆ ಅದರ ಅರ್ಧ ಮಾತ್ರ. ಅಚ್ಚರಿಯ ಸಂಗತಿಯೆಂದರೆ, ಶುಭ್ರವಾದ ಪ್ರಯೋಗಶಾಲೆಯಲ್ಲಿ ಎಣ್ಣೆ ಹಾಕಿದುದರಿಂದ ದಕ್ಷತೆಯಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಆದರೆ ನಮ್ಮ ರಸ್ತೆಗಳು ಪ್ರಯೋಗಶಾಲೆಗಳಲ್ಲ. ಇಲ್ಲಿ ಎಣ್ಣೆಯ ಮುಖ್ಯ ಕೆಲಸ ಧೂಳನ್ನೂ ನೀರನ್ನೂ ಪಿನ್ನಿನ ಒಳಕ್ಕೆ ಬಿಡದಿರುವುದು. ಹೊರಮೈಯಲ್ಲಿ ಉಳಿದ ಎಣ್ಣೆಯಾದರೋ ಕೆಮ್ಮಣ್ಣಿನ ಧೂಳನ್ನು ಹಿಡಿದು ಸಾಣೆಯ ಹಿಟ್ಟಿನಂತೆ ಉಕ್ಕನ್ನು ತೇಯುತ್ತದೆ. ಆದುದರಿಂದ ಪ್ರತಿ ಕೊಂಡಿಗೆ ಒಂದೊಂದು ತೊಟ್ಟು ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ ಒಳಗಿಳಿಸಿ, ಹೊರಗಿನದನ್ನು ಹಳೆಯ ಬಟ್ಟೆಯಿಂದ ಚೆನ್ನಾಗಿ ಒರಸಬೇಕು. ಶೀಶೆಯೊಂದಕ್ಕೂ ಹಳೆಯ ಬನಿಯನ್ನಿಗೂ ಆಗುವ ಖರ್ಚು, ಹತ್ತು ಮಿನಿಟಿನ ಬಿಡುವು, ಇವಿಷ್ಟರಿಂದ ಚೈನಿನ ಬಾಳು ಹೆಚ್ಚುತ್ತದೆ.

ಹೊಸದಕ್ಕೆ ಹಣ ಸಾಲದೆ ಬಳಸಿದ ಸೈಕಲ್ಲನ್ನು ನೋಡುವವರೂ ಇದೇ ಅಳತೆಗಳನ್ನು ಉಪಯೋಗಿಸಬಹುದು. ಬಣ್ಣವನ್ನು ನೋಡುವುದಕ್ಕೆ ಮೊದಲು ಹಲ್ಲುಗಳನ್ನು ಎಣಿಸಿ ಅತಿ ಚಿಕ್ಕ ನಡೆಯನ್ನು ಕಂಡುಕೊಳ್ಳಿ. ಚೈನನ್ನು ಮುಂದಿನ ದೊಡ್ಡ ಚಕ್ರದ ಮೇಲಿರಿಸಿ, ಆ ಚಕ್ರದ ಅತಿ ಮುಂದಿನ ಬಿಂದುವಿನಲ್ಲಿ ಬೆರಳಿನಿಂದ ಮುಂದಕ್ಕೆ ಎಳೆಯಿರಿ. ಹಲ್ಲಿನ ಬಹುಭಾಗ ಬರಿದಾಗಿ ಕಂಡರೆ ಅಳತೆಪಟ್ಟಿಯನ್ನು ಹಿಡಿಯುವ ಮುನ್ನವೇ ಉತ್ತರ ಸಿಕ್ಕಿತು. ಹಿಂದಿನ ಚಕ್ರಗಳಲ್ಲಿ ಹೆಚ್ಚು ಬಳಕೆಯಾದ ನಡುವಿನ ಎರಡು ಮೂರನ್ನು ತುದಿಯ ಚಕ್ರಗಳೊಡನೆ ಹೋಲಿಸಿ ನೋಡಿದರೆ ಕೊಕ್ಕೆಯ ಆಕಾರ ತಿಳಿಯುತ್ತದೆ. ಸವೆತ 256.5ನ್ನು ಮೀರಿದ್ದರೆ ಒಂದು ಚೈನು, ಒಂದು ಕ್ಯಾಸೆಟ್ಟು, ಪ್ರಾಯಶಃ ಮುಂದಿನ ಚಕ್ರಗಳು, ಇಷ್ಟರ ಬೆಲೆಯನ್ನು ಕೇಳಿದ ಹಣದಿಂದ ಕಳೆಯುವಂತೆ ಮಾರುವವರಿಗೆ ಹೇಳುವುದು ನ್ಯಾಯವಾದುದೇ. ಅಳತೆಪಟ್ಟಿ ಎದುರಿಗಿದ್ದಾಗ ಅವರೂ ಹೆಚ್ಚು ವಾದಿಸುವುದಿಲ್ಲ.